ಚಿಕ್ಕೋರಿದ್ದಾಗ್ಲೇ ಹಾಕ್ಸಿದೀವಲ್ಲ, ಮತ್ಯಾಕೆ ಸಾರ್?

ಜಗಳೂರು ಕಡೆಯ ಹಳ್ಳಿ ಶಾಲೆಯೊಂದರಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ಸಿಸ್ಟರ್ ಐಸ್ ಇಟ್ಟ ಲಸಿಕೆ ಡಬ್ಬ ಹಿಡಿದು ಬಂದು ಹೋಗುತ್ತಾರೆ. ಮಾರನೇ ದಿನದಿಂದ ಹಿಟ್ಟಿನ ಗಿರಣಿ ಮುಂದೆ, ಬಸ್ ಸ್ಟ್ಯಾಂಡಲ್ಲಿ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ. ಹೋದ ವರ್ಷ ಮದುವೆ ಪಂಕ್ತಿಯಲ್ಲಿ ಕೇಳಿದರು. ಉತ್ತರ ಹೇಳಿ ತಲೆ ಎತ್ತುವಷ್ಟರಲ್ಲಿ ಹೋಳಿಗೆಗೆ ತುಪ್ಪ ಬಡಿಸುವವನು ಮುಂದೆ ಹೋಗಿಬಿಟ್ಟಿದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕವರಿದ್ದಾಗ ಹಾಕಿಸಿದ್ದೀರಿ, ಒಪ್ಪಿದೆ. ಒಂದೂವರೆ ತಿಂಗಳಿಂದ ಶುರುವಾಗಿ ಐದು ತುಂಬಿದ ಮೇಲಿನ ಬೂಸ್ಟರ್ ತನಕ. ಆದರೆ ಧನುರ್ವಾಯು, ಗಂಟಲುಮಾರಿ ತಡೆಯೋ ಶಕ್ತಿ ವರ್ಷ ಕಳೆದಂತೆ ಇಳಿಯುತ್ತದೆ. ಅದಕ್ಕೆ 10 ವರ್ಷಕ್ಕೆ ಒಂದು, 16ಕ್ಕೆ ಒಂದು ಟಿಡಿ, ಅಂದರೆ ಈ ಎರಡೂ ರೋಗ ತಡೆಯೋ ಲಸಿಕೆ. ಮೊದಲು ಬರೀ ಧನುರ್ವಾಯುವಿನ ಟಿಟಿ ಇತ್ತು, ಈಗ ಗಂಟಲುಮಾರಿಯದ್ದೂ ಸೇರಿದೆ. ಹುಡುಗರಿಗೂ ಹುಡುಗಿಯರಿಗೂ ಒಂದೇ. ಬೈಕಿಗೆ ಒಂದು ಸಲ ಆಯಿಲ್ ಹಾಕಿಸಿ ಹತ್ತು ವರ್ಷ ಓಡಿಸ್ತೀರಾ? ಇಲ್ಲ ತಾನೇ.

ಪ್ರಶ್ನೆಗಿಂತ ಅದರ ಬಾಲ ಜಾಸ್ತಿ ಉರಿಸುತ್ತದೆ. "ನಿಮಗೆಷ್ಟು ಕೊಡ್ತಾರೆ ಸಾರ್?" ಏನೂ ಇಲ್ಲ ಮಾರಾಯರೇ. ಸಿಸ್ಟರ್‌ಗೆ ತರಿಸಿದ ಟೀ ದುಡ್ಡೂ ನನ್ನದೇ. "ಮುಂದೆ ಮಕ್ಕಳಾಗಲ್ವಂತೆ?" 2017ರ ಫೆಬ್ರುವರಿಯಲ್ಲಿ 9 ತಿಂಗಳಿಂದ 15 ವರ್ಷದೊಳಗಿನವರಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗಲೂ ವಾಟ್ಸಾಪಲ್ಲಿ ಇದೇ ಓಡಾಡಿತ್ತು. ಅವತ್ತು ಹಾಕಿಸಿಕೊಂಡ ನಮ್ಮೂರ ಹೈಸ್ಕೂಲ್ ಹುಡುಗಿಯೊಬ್ಬಳು ಮೊನ್ನೆ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನನಗೆ ಆ ಮೆಸೇಜ್ ಕಳಿಸಿದ್ದು ಅವಳಪ್ಪನೇ!

ಹಾಗಂತ ನನ್ನದೇನೂ ತಪ್ಪಿಲ್ಲ ಅಂತಲ್ಲ. ಒಂದು ವರ್ಷ ಬಿಸಿಯೂಟಕ್ಕೆ ಮೊದಲೇ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಾಕಿಸಿದೆ. ಬೆಳಿಗ್ಗೆ ಏನೂ ತಿನ್ನದೇ ಬಂದ ಹುಡುಗಿಯೊಬ್ಬಳು ಸೂಜಿ ನೋಡಿಯೇ ದೊಪ್ಪನೆ ಬಿದ್ದಳು. ಅವಳನ್ನು ನೋಡಿ ಹಿಂದೆ ನಿಂತಿದ್ದ ಇಬ್ಬರು. ಸಿಸ್ಟರ್ ಗಾಬರಿಯಾಗಲಿಲ್ಲ. ಮಲಗಿಸಿ, ಕಾಲ ಕೆಳಗೆ ಸ್ಕೂಲ್ ಬ್ಯಾಗ್ ಇಟ್ಟರು. ಹೆದರಿಕೆಗೆ ಹೀಗಾಗುತ್ತೆ, ಈ ವಯಸ್ಸಿನವರಿಗೆ ಜಾಸ್ತಿ ಅಂದರು. ಊರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮೂವರೂ ಸತ್ತಿದ್ದರು. ಟ್ರ್ಯಾಕ್ಟರ್ ತುಂಬಾ ಜನ ಬಂದರು. ಸತ್ತವರು ಜಗಲಿ ಮೇಲೆ ಕೂತು ಎರಡನೇ ಸಲ ಅನ್ನ ಸಾಂಬಾರ್ ಹಾಕಿಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಅವತ್ತು ಊಟ ಇಳಿಯಲಿಲ್ಲ. ಈಗ ಊಟ ಆದ ಮೇಲೇ ಸೂಜಿ. ಒಬ್ಬೊಬ್ಬರನ್ನೇ ಒಳಗೆ ಕರೆಯೋದು, ಆಮೇಲೆ ಅರ್ಧ ಗಂಟೆ ಜಗಲಿಯಲ್ಲಿ ಕೂರಿಸೋದು.

ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಲಿ ಅಂತ ಕಾದ ಪ್ರಶ್ನೆ ಬೇರೆ ಇದೆ: ಅವತ್ತು ಶಾಲೆಗೆ ಬರದವರ ಕತೆ ಏನು ಸಾರ್?

ಹೋದ ವರ್ಷ ಒಬ್ಬ ಬಂದಿರಲಿಲ್ಲ. ಅವರಪ್ಪ ಕುರಿ ಹೊಡೆದುಕೊಂಡು ಹರಿಹರದ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಮಂದೆ ನಿಲ್ಲಿಸಲು ಹೋಗಿದ್ದ. ಇವನೂ ಜೊತೆಗೆ. ಧನುರ್ವಾಯು ರೋಗಾಣು ಇರೋದೇ ಮಣ್ಣಲ್ಲಿ, ಸಗಣಿಯಲ್ಲಿ, ಹಿಕ್ಕೆಯಲ್ಲಿ. ಹಗಲೆಲ್ಲ ಅದರಲ್ಲೇ ಬರಿಗಾಲಲ್ಲಿ ಓಡಾಡಿ, ರಾತ್ರಿ ಅಲ್ಲೇ ಮಲಗೋ ಹುಡುಗ. ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಹಾಕಬೇಕಾಗಿದ್ದದ್ದು ಅವನಿಗೆ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಸಿಸ್ಟರ್ ಗೈರು ಅಂತ ಬರೆದುಕೊಂಡು ಹೋದರು.

ಎರಡು ತಿಂಗಳಾದ ಮೇಲೆ ಬಂದ. ಅವರಪ್ಪನಿಗೆ ಹೇಳಿ, ಗುರುವಾರ ಬೈಕಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಬೀಳುತ್ತಾನೇನೋ ಅಂತ ನಾನು ಭುಜ ಹಿಡಿದು ನಿಂತಿದ್ದರೆ, ಅವನು ಮುಖ ತಿರುಗಿಸದೆ ಸೂಜಿಯನ್ನೇ ನೋಡುತ್ತಿದ್ದ.

"ಇಷ್ಟೇನಾ ಸಾರ್? ಕುರಿಗೆ ಹಾಕೋದು ಇದಕ್ಕಿಂತ ದಪ್ಪ ಇರ್ತೈತೆ. ವರ್ಷಾ ವರ್ಷಾ ಹಾಕಿಸ್ತೀವಿ."