ಅಜ್ಜಿಯ ಕೆನ್ನೆಯ ಮೇಲಿನ ಗೆರೆ

ಅಜ್ಜಿಯ ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಅವರ ಮದುವೆಯ ಹೊಸತರ ಫೋಟೋ ಸಿಕ್ಕಿತು. ಯಾರೋ ಎಂದೋ ಅದನ್ನು ಮಡಚಿಟ್ಟಿದ್ದರಿಂದ ಬಿಳಿಯ ಗೆರೆಯೊಂದು ಅಜ್ಜಿಯ ಕೆನ್ನೆಯನ್ನು ಸೀಳಿಕೊಂಡು ಮೂಗುಬಟ್ಟಿನವರೆಗೂ ಬಂದಿದೆ.

ಹಳೆಯ ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರವಿರುವುದು ಕಾಗದದ ಮೇಲಿನ ತೆಳುವಾದ ಜೆಲಾಟಿನ್ ಪದರದಲ್ಲಿ, ಬೆಳ್ಳಿಯ ಸೂಕ್ಷ್ಮ ಕಣಗಳಾಗಿ. ಮಡಚಿದಾಗ ಆ ಪದರವೇ ಬಿರಿದು ಉದುರುತ್ತದೆ. ಅಣ್ಣ ಇಸ್ತ್ರಿ ಪೆಟ್ಟಿಗೆ ತರಲು ಎದ್ದ, ಕೈಹಿಡಿದು ಕೂರಿಸಿದೆ. ಟೇಪು ಅಂಟಿಸುವುದೂ ಬೇಡ, ಅದರ ಅಂಟು ವರ್ಷ ಕಳೆದಂತೆ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಮೂಲವನ್ನು ಹಾಗೆಯೇ ಬಿಟ್ಟು, 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕೆಗಳಷ್ಟು ಸೂಕ್ಷ್ಮವಾಗಿ, ಸ್ಕ್ಯಾನ್ ಮಾಡಿ, ನಕಲಿನ ಮೇಲೆ ಕೆಲಸಕ್ಕೆ ಕುಳಿತೆ.

ಹಿನ್ನೆಲೆಯ ಪರದೆ, ಸೀರೆಯ ಅಂಚು ಬೇಗ ಮುಗಿದವು. ಕೆನ್ನೆಗೆ ಮೂರು ರಾತ್ರಿ ಹಿಡಿಯಿತು. ಪಕ್ಕದ ಚರ್ಮದಿಂದ ಸಾಸಿವೆ ಕಾಳಿನಷ್ಟು ಛಾಯೆ ತೆಗೆದು ತುಂಬುವುದು, ಹಿಂದೆ ಸರಿದು ನೋಡುವುದು, ಮತ್ತೆ ಅಳಿಸುವುದು. ನಡುವೆ ಎಐ ಆ್ಯಪ್ ಒಂದಕ್ಕೂ ಕೊಟ್ಟು ನೋಡಿದೆ. ಕ್ಷಣದಲ್ಲಿ ಬೆಣ್ಣೆಯಂಥ ಮುಖ ಬಂತು. ನನಗೆ ಸಂಕಟವಾಯಿತು. ಅಜ್ಜಿಗೆ ಚಿಕ್ಕಂದಿನಲ್ಲಿ ಸಿಡುಬು ಎದ್ದಿತ್ತು. ಆ ಕಲೆಗಳಿಲ್ಲದೆ ಅದು ಬೇರೆ ಯಾರದೋ ಮುಖ. ಸರಿಪಡಿಸುತ್ತೇನೆಂದು ಹೊರಟವರು ಎಲ್ಲಿ ನಿಲ್ಲಬೇಕೆಂಬುದನ್ನೂ ತಿಳಿದಿರಬೇಕಲ್ಲವೇ?

ಕೊನೆಗೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅಮ್ಮ ಕನ್ನಡಕ ಏರಿಸಿ, ಪರದೆಯ ಮೇಲೆ ಒಂದೊಂದೇ ಚುಕ್ಕೆಗೆ ಬೆರಳಿಟ್ಟು ಹೇಳಿದರು: "ಇದು ಇರಲಿ. ಇದೂ ಇರಲಿ. ಇದು ನಮ್ಮಮ್ಮನದಲ್ಲ, ತೆಗೆ."