ತಲೆಯೆತ್ತಿ ನೋಡಲು ಕಲಿಸಿದ ಮೇಷ್ಟ್ರು

ಈ ಮಳೆಗಾಲದಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ತೀರಿಕೊಂಡರು. ಆ ರಾತ್ರಿ ಹಳೆಯ ಗೆಳೆಯರೆಲ್ಲ ಫೋನಿನಲ್ಲಿ ಸಿಕ್ಕರು. ಬಿ.ಎ.ಗೆ ಉರು ಹೊಡೆದಿದ್ದ ಯುದ್ಧ, ಒಪ್ಪಂದಗಳ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಎಲ್ಲರಿಗೂ ನೆನಪಾದದ್ದು ಕಾಲೇಜಿನ ಪ್ರಾರ್ಥನಾಮಂದಿರವಾದ ಚಾಪೆಲ್‌ನಲ್ಲಿ ನಡೆದ ಆ ಒಂದು ಪಾಠ.

ಇಟಲಿಯಿಂದ ಬಂದ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು 1880ರಲ್ಲಿ ಆರಂಭಿಸಿದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ನಾನು ಬಂದದ್ದು ಪುತ್ತೂರು ಕಡೆಯ ಅಡಿಕೆ ತೋಟದಿಂದ. ಚಾಪೆಲ್ ಕ್ರೈಸ್ತರದ್ದು, ಅಲ್ಲಿ ನಮಗೇನು ಕೆಲಸ ಎಂದುಕೊಂಡಿದ್ದೆ. ಮೇಷ್ಟ್ರು ನಮ್ಮನ್ನು ಅಲ್ಲಿಯ ಬೆಂಚುಗಳಲ್ಲಿ ಕೂರಿಸಿ, ಪುಸ್ತಕ ಮುಚ್ಚಿಸಿ, "ಮೊದಲು ನೋಡಿ, ಬರೆದುಕೊಳ್ಳುವುದು ಆಮೇಲೆ" ಎಂದರು. ಕುತ್ತಿಗೆ ನೋಯತೊಡಗಿದರೂ ಬಿಡಲಿಲ್ಲ.

ಗೋಡೆಯ ಚಿತ್ರಗಳು ಫ್ರೆಸ್ಕೊ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚಬೇಕು, ಒಣಗುವುದರೊಳಗೆ ಆ ಭಾಗ ಮುಗಿಯಬೇಕು, ತಪ್ಪಿದರೆ ಗಾರೆಯನ್ನೇ ಕೆರೆದು ತೆಗೆಯಬೇಕು. ಚಾವಣಿಯದು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಇವನ್ನು ಬರೆದ ಬ್ರದರ್ ಆಂಟೋನಿಯೊ ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರಂತೆ. ಮೇಷ್ಟ್ರು ಬೆರಳು ತೋರಿಸಿದ್ದು ಚಾವಣಿಯ ಅಲೋಶಿಯಸ್ ಗೊನ್ಜಾಗನ ಕಡೆಗೆ: ದೊಡ್ಡ ಮನೆತನದ ಹಿರಿಯ ಮಗ, ಪಿತ್ರಾರ್ಜಿತದ ಹಕ್ಕು ಬಿಟ್ಟುಕೊಟ್ಟು ಸಂನ್ಯಾಸಿಯಾದವನು, ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡಿ 1591ರಲ್ಲಿ ಸತ್ತವನು. "ಆಗ ಅವನಿಗೆ ಇಪ್ಪತ್ತಮೂರು. ನಿಮಗೆಷ್ಟು?" ಎಂದು ಕೇಳಿದರು. ಹಿಂದಿನ ಬೆಂಚಿನ ಗುಸುಗುಸು ನಿಂತೇಹೋಯಿತು. ಮತಾಂತರದ ಮಾತಲ್ಲ ಅದು. ಮೇಷ್ಟ್ರೂ ನನ್ನಂತೆ ಹಿಂದೂಗಳೇ.

ಇನ್ನೊಬ್ಬರು, ತುಂಟರನ್ನು ಚೆನ್ನಾಗಿ ಬಲ್ಲ ಒಬ್ಬ ಫಾದರ್. ಕಾಲೇಜಿನ ಮ್ಯೂಸಿಯಂನಲ್ಲಿ ಫ್ರಾನ್ಸಿನ ಡಿ ಡಿಯಾನ್ ಕಾರೊಂದಿದೆ, ಮಂಗಳೂರಿನ ಮೊದಲ ಕಾರು ಎಂದು ಹೆಸರಾದದ್ದು. ನಾವು ಮೂವರು ಅದನ್ನು ಹತ್ತಿ ಕುಳಿತೆವು. ಸ್ಟೀರಿಂಗ್ ಹಿಡಿದವನು ನಾನೇ. "ಹಂಪನಕಟ್ಟೆ, ಹಂಪನಕಟ್ಟೆ!" ಎಂದು ಗೆಳೆಯ ಬಸ್ ಕಂಡಕ್ಟರನಂತೆ ಕೂಗುತ್ತಿದ್ದಾಗ ಬಾಗಿಲಲ್ಲಿ ಫಾದರ್! ಅವರು ಬೈಯಲಿಲ್ಲ. ಕಾರಿನ ಇಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಸೋಮವಾರದೊಳಗೆ ಬರೆದುಕೊಡಲು ಹೇಳಿದರು. ಕಲಾ ವಿಭಾಗದ ಹುಡುಗರಾದ ನಾವು ಫಿಸಿಕ್ಸ್ ವಿಭಾಗದ ಬಾಗಿಲು ತಟ್ಟಿದ್ದು ಹಾಗೆ. ನನ್ನ ಬರಹವನ್ನು ಫಾದರ್ ತರಗತಿಯಲ್ಲಿ ಓದಿಸಿದರು. ಇಂದು ವಕೀಲನಾಗಿ ನನ್ನ ವಾದಪತ್ರಗಳು ಸ್ಪಷ್ಟವಾಗಿರುತ್ತವೆ ಎಂದು ನ್ಯಾಯಾಧೀಶರು ಮೆಚ್ಚಿದ್ದುಂಟು. ಆ ಮೆಚ್ಚುಗೆಯ ಬೇರು ಈ ಶಿಕ್ಷೆಯಲ್ಲಿದೆ.

ನನ್ನ ಮೊಮ್ಮಗಳ ಡಿಗ್ರಿಯಲ್ಲಿ ಪ್ರತಿಯೊಂದಕ್ಕೂ ಕ್ರೆಡಿಟ್ ಇದೆ, ಅಸೈನ್‌ಮೆಂಟ್ ಇದೆ, ಸ್ಲೈಡುಗಳಿವೆ. ಒಂದು ಚಿತ್ರದ ಮುಂದೆ ಸುಮ್ಮನೆ ಕೂರಲು ಮಾತ್ರ ಬಿಡುವಿಲ್ಲ. ಮಕ್ಕಳದಲ್ಲ ಈ ತಪ್ಪು, ಅವರ ದಿನವನ್ನು ಹಾಗೆ ತುಂಬಿಟ್ಟವರದು.

2024ರಲ್ಲಿ ನಮ್ಮ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯವಾದಾಗ ಹೆಮ್ಮೆಯಿಂದ ಮನೆಯವರಿಗೆಲ್ಲ ಸಿಹಿ ಹಂಚಿದವನು ನಾನು. ಆ ಸಲಿಗೆಯಿಂದ ಕೇಳುತ್ತಿದ್ದೇನೆ: ಕಾಮರ್ಸ್, ಕಂಪ್ಯೂಟರ್ ಎನ್ನದೆ ಮೊದಲ ವರ್ಷದ ಎಲ್ಲರಿಗೂ ಚಾಪೆಲ್‌ನಲ್ಲಿ ಒಂದು ಗಂಟೆ ಕೊಡಿ, ಅದಕ್ಕೆ ಅಂಕ ಬೇಡ. ಪಾಠಕ್ಕೆ ಯಾರೂ ಸಿಗದಿದ್ದರೆ ನಾನೇ ಬರುತ್ತೇನೆ. ಮೇಷ್ಟ್ರು ಅಂದು ಆಮೇಲೆ ಬರೆಸಿದ ಟಿಪ್ಪಣಿ ನನ್ನಲ್ಲಿದೆ.