ಜೋಡಿ ಕಣಗಳು ಎಲ್ಲಿ?
ಹಳೇಬೀಡಿಗೆ ಹೋಗಿದ್ದೆವು. ಹೊಯ್ಸಳೇಶ್ವರನ ಪಕ್ಕದಲ್ಲೇ ಶಾಂತಲೇಶ್ವರ, ಒಂದೇ ಜಗಲಿಯ ಮೇಲೆ ಜೋಡಿ ಗುಡಿ. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ನನ್ನ ತಲೆಗೆ ಬಂದದ್ದು ಸೂಪರ್‌ಸಿಮೆಟ್ರಿ ಅನ್ನುವ ಭೌತಶಾಸ್ತ್ರದ ಸಿದ್ಧಾಂತ. (ಮನೆಯವರಿಗೆ ಇದು ಹೊಸದಲ್ಲ ಬಿಡಿ.)

ಆ ಸಿದ್ಧಾಂತದ ಪ್ರಕಾರ ಪ್ರತಿ ಕಣಕ್ಕೂ ಒಂದು ಜೋಡಿ ಇರಬೇಕು. ಎಲೆಕ್ಟ್ರಾನ್‌ಗೆ ಸೆಲೆಕ್ಟ್ರಾನ್, ಪ್ರೋಟಾನಿನೊಳಗೆ ಇರುವ ಕ್ವಾರ್ಕ್‌ಗೆ ಸ್ಕ್ವಾರ್ಕ್. ಮೂಲಕಣಗಳಿಗೆ ದ್ರವ್ಯರಾಶಿ ಬರುವುದರ ಜೊತೆ ನಂಟಿರುವ ಹಿಗ್ಸ್ ಕಣ ಅಂತೂ ಈ ಸಿದ್ಧಾಂತದ ಅತಿ ಸರಳ ಮಾದರಿಯಲ್ಲೇ ಐದು!

2012ರ ಜುಲೈ 4ರಂದು ಜಿನೀವಾ ಹತ್ತಿರದ ಕಣ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಹಿಗ್ಸ್ ಸಿಕ್ಕ ಸುದ್ದಿ ಬಂತು. ದ್ರವ್ಯರಾಶಿ ಸುಮಾರು 125 ಜಿಇವಿ (ಕಣಗಳ ಭಾರ ಅಳೆಯುವ ಮಾನ). ಮಜಾ ಇರುವುದು ಇಲ್ಲೇ. ಸರಳ ಮಾದರಿಯ ಮೊದಲ ಲೆಕ್ಕದಲ್ಲಿ ಅತಿ ಹಗುರವಾದ ಹಿಗ್ಸ್, 91 ಜಿಇವಿಯ ಝಡ್ ಬೋಸಾನ್ ಅನ್ನುವ ಇನ್ನೊಂದು ಕಣಕ್ಕಿಂತ ಭಾರ ಇರುವಂತಿಲ್ಲ. ಬೇರೆ ಕಣಗಳ ಪ್ರಭಾವದಿಂದ ಬರುವ ಕ್ವಾಂಟಂ ತಿದ್ದುಪಡಿ ಸೇರಿಸಿದರೆ 125 ಮುಟ್ಟಬಹುದು. ಅದಕ್ಕೆ ಸಾಮಾನ್ಯವಾಗಿ ಕ್ವಾರ್ಕ್‌ಗಳಲ್ಲೇ ಅತಿ ಭಾರದ ಟಾಪ್ ಕ್ವಾರ್ಕಿನ ಜೋಡಿ ತುಂಬಾ ಭಾರ ಇರಬೇಕು. ಅದು ಭಾರವಾದಷ್ಟೂ, ಹಿಗ್ಸ್ ಯಾಕೆ ಇಷ್ಟು ಹಗುರ ಅನ್ನುವ ಮೂಲ ಪ್ರಶ್ನೆಗೆ ಈ ಸಿದ್ಧಾಂತ ಕೊಡುವ ಉತ್ತರ ಸಪ್ಪೆಯಾಗುತ್ತದೆ. ಸ್ವಲ್ಪ ಪೇಚಾಟವೇ, ಅಲ್ವಾ?

ಇಲ್ಲಿಯವರೆಗೆ ಒಂದೂ ಜೋಡಿ ಕಣ ಸಿಕ್ಕಿಲ್ಲ. ನನಗಂತೂ ಸಿದ್ಧಾಂತದ ಮೇಲೆ ಇನ್ನೂ ಆಸೆ ಇದೆ, ಸುಮ್ನೆ ಚೆಂದ ಇದೆ ಅಂತ. ಕಣಗಳನ್ನು ಡಿಕ್ಕಿ ಹೊಡೆಸಿ ಹೊಸ ಕಣ ಹುಡುಕುವ ಸರ್ನ್‌ನ ಈಗಿನ ಯಂತ್ರದ ಸುತ್ತಳತೆ 27 ಕಿ.ಮೀ. ಮುಂದೆ ಸುಮಾರು 91 ಕಿ.ಮೀ.ನದ್ದು ಕಟ್ಟುವ ಯೋಚನೆ ಸರ್ನ್‌ನವರಿಗಿದೆ.